ಟವೆಲ್ಲಿನ ಕೆಳಗಿನ ಬೆರಳುಗಳು

ಅಪ್ಪನಿಂದ ನನಗೆ ಬಂದ ಆಸ್ತಿ ಎಂದರೆ ಕೆಂಪು ಅಂಚಿನ ಒಂದು ಟವೆಲ್. ಒಗೆದು ಒಗೆದು ಅದರ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ, ನಡುವೆ ಬೆಳಕು ತೂರುವಷ್ಟು ತೆಳ್ಳಗಾಗಿದೆ. ಆದರೂ ಪುಣೆಯ ಹತ್ತಿರ ಭೋಸರಿಯ ಕಾರ್ಖಾನೆಯ ಕಚೇರಿಯಲ್ಲಿ ಇಷ್ಟು ವರ್ಷವೂ ಅದು ನನ್ನ ಕುರ್ಚಿಯ ಬೆನ್ನಿಗೇ ಜೋತುಬಿದ್ದಿದೆ. ಊಟವಾದ ಮೇಲೆ ಕೈ, ಬೇಸಿಗೆಯಲ್ಲಿ ಕುತ್ತಿಗೆ, ತಲೆ ಕೆಟ್ಟಾಗ ಕನ್ನಡಕ, ಎಲ್ಲವನ್ನೂ ಒರೆಸಲು ಅದೊಂದೇ. ಅದನ್ನು ನೆಲ ಒರೆಸಲಾದರೂ ಕೊಡಿ ಎಂದು ಕೇಳಿ ಕೇಳಿ ನನ್ನ ಹೆಂಡತಿ ಈಗ ಕೇಳುವುದನ್ನೇ ಬಿಟ್ಟಿದ್ದಾಳೆ.

ಅಪ್ಪ ವಿಜಯಪುರದ ಕಡೆಯ ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು ಟವೆಲ್ಲಿನ ಕೆಳಗೆ ಕೈ ಚಾಚಿ ದಲ್ಲಾಳಿಯ ಬೆರಳುಗಳನ್ನು ಒತ್ತುತ್ತಾನೆ. ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ನಿಂತ ಮಂದಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಒಬ್ಬನ ಮನಸ್ಸಿನ ಬೆಲೆ ಇನ್ನೊಬ್ಬನಿಗೆ ತಿಳಿಯಕೂಡದು, ತಿಳಿದರೆ ಕೊಳ್ಳುವವರೆಲ್ಲ ಒಂದಾಗಿ ಎತ್ತಿನ ಒಡೆಯನನ್ನು ಮುಳುಗಿಸುತ್ತಾರೆ ಎಂಬುದಷ್ಟೇ ಆ ಟವೆಲ್ಲಿನ ಶಾಸ್ತ್ರ. ಚಿಕ್ಕವನಿದ್ದಾಗ ನನಗೆ ಇದೆಲ್ಲ ಕಳ್ಳ ವ್ಯವಹಾರದಂತೆ ಕಂಡು ನಾಚಿಕೆಯಾಗುತ್ತಿತ್ತು. ಸ್ಪರ್ಧಾ ಕಾಯ್ದೆ ಎಂಬ ದಪ್ಪ ಹೆಸರಿನ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ, ವ್ಯಾಪಾರಿಗಳು ಒಳಗೊಳಗೆ ಒಂದಾಗಿ ಬೆಲೆ ಕಟ್ಟಕೂಡದು ಎಂಬುದನ್ನೇ, ಎಂದು ತಿಳಿದಾಗ ನನ್ನ ತಲೆಗೂದಲು ಬೆಳ್ಳಗಾಗಿತ್ತು.

ನನ್ನ ಕೆಲಸ ಕಾರ್ಮಿಕರ ಭವಿಷ್ಯನಿಧಿಯದು. ತಿಂಗಳು ತಿಂಗಳು ಅವರ ಪಗಾರದಲ್ಲಿ ಕಡಿದ ಹಣದ ಒಂದು ಪಾಲನ್ನು ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಬೇಕು. ಸರ್ಕಾರ ಸಾಲ ಎತ್ತಿ ಪತ್ರ ಕೊಡುತ್ತದೆ, ಬ್ಯಾಂಕುಗಳು ಅದನ್ನು ಕೊಂಡು ನಮ್ಮಂಥವರಿಗೆ ಮಾರುತ್ತವೆ. ಮೂರು ಬ್ಯಾಂಕಿಗೆ ಫೋನು ಮಾಡಿ ದರ ಕೇಳಿ, ಎಲ್ಲಕ್ಕಿಂತ ಕಡಿಮೆ ಹೇಳಿದವರಿಂದ ಕೊಳ್ಳುವುದು ನಮ್ಮ ರೂಢಿ. ಆಮೇಲೆ ಫೈಲಿನಲ್ಲಿ ‘ಪೈಪೋಟಿಯ ದರ ಪಡೆಯಲಾಗಿದೆ’ ಎಂದು ಬರೆದು ನಾನು ರುಜು ಹಾಕುತ್ತಿದ್ದೆ, ನನ್ನ ಕೆಳಗೆ ಮಲ್ಲಪ್ಪ. ಯಾದಗಿರಿಯ ಕಡೆಯಿಂದ ಬಂದು ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತ ಈ ಮನುಷ್ಯನನ್ನು ಕಾರ್ಮಿಕರು ತಮ್ಮ ಪ್ರತಿನಿಧಿಯಾಗಿ ಆ ನಿಧಿ ನೋಡಿಕೊಳ್ಳುವ ಟ್ರಸ್ಟಿಗೆ ಆರಿಸಿ ಕಳಿಸಿದ್ದರು. ಓದಿ ನೋಡು ಎಂದರೆ ಅವನು, “ನೀವು ನೋಡೀರಲ್ರಿ ಸಾಹೇಬ್ರ, ಮತ್ತ ನಾ ಏನ್ ನೋಡ್ಲಿ?” ಎಂದು ನಕ್ಕು ಪೆನ್ನು ಕೇಳುತ್ತಿದ್ದ.

ಮೂರರಲ್ಲಿ ಒಂದು ಬ್ಯಾಂಕಿನ ಮುಂಬಯಿ ಕಚೇರಿಯಲ್ಲಿ ವಿನಾಯಕ ಎಂಬ ಹುಬ್ಬಳ್ಳಿಯವನಿದ್ದ, ಸಾಲಪತ್ರಗಳ ದರ ಹೇಳುವುದೇ ಅವನ ಉದ್ಯೋಗ. ಪುಣೆಯಲ್ಲಿ ದಿನವಿಡೀ ಮರಾಠಿಯಲ್ಲೋ ಹಿಂದಿಯಲ್ಲೋ ತಿಣುಕುವ ನಮ್ಮಂಥವರ ದೌರ್ಬಲ್ಯ ನಿಮಗೂ ಗೊತ್ತಿರಬಹುದು: ಆಚೆ ಕಡೆಯಿಂದ ನಮ್ಮ ಭಾಷೆ ಕೇಳಿಸಿದರೆ ಸಾಕು, ಬೆಣ್ಣೆಯಂತೆ ಕರಗಿಬಿಡುತ್ತೇವೆ. “ಕಾಕಾ, ಆರಾಮದೀರೇನ್ರಿ?” ಎಂದು ಅವನು ಶುರುಮಾಡಿದರೆ ದರದ ಮಾತು ಹಿಂದೆ ಬಿದ್ದು ಗಿರಮಿಟ್ಟು, ಮಿರ್ಚಿ, ಮಕ್ಕಳ ಶಾಲೆ ಎಲ್ಲ ಮುಂದೆ ಬರುತ್ತಿದ್ದವು. ಅವನ ಮುಖ ನಾನು ಕಂಡವನಲ್ಲ. ಆದರೂ ಅಪ್ಪನ ಟವೆಲ್ಲಿನ ಕಥೆ ಹೇಳಿದೆ. “ಭಾಳ ಛಲೋ ಅದರೀ ಕಾಕಾ ಇದು!” ಎಂದು ಬಹಳ ಹೊತ್ತು ನಕ್ಕ. ನಾಚಿಕೆಯಿಂದಲೇ ಹೇಳುತ್ತೇನೆ, ಮುಂದಿನ ಮಂಗಳವಾರ ನಾವು ಯಾವ ಪತ್ರ ಎಷ್ಟು ಕೊಳ್ಳಲಿದ್ದೇವೆ ಎಂಬುದನ್ನೂ ಅವನಿಗೆ ಮೊದಲೇ ಹೇಳಿಬಿಡುತ್ತಿದ್ದೆ. ಅವನು ಕೇಳಿರಲಿಲ್ಲ, ಮನೆಯವನೊಡನೆ ಮಾತಾಡುವಾಗ ಏನನ್ನಾದರೂ ಮುಚ್ಚಿಡುವುದುಂಟೇ ಎಂಬ ಭಾವ ನನ್ನದು.

ಹೋದ ವರ್ಷ ಆ ಸ್ಪರ್ಧಾ ಕಾಯ್ದೆಯ ಕಡೆಯಿಂದ ಒಬ್ಬರು ತನಿಖಾಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ದನಿ ಏರಿಸದೆ ಮಾತಾಡುವವರು. ನನ್ನ ಮೇಜಿನ ಮೇಲೆ ಒಂದು ಕಟ್ಟು ಹಾಳೆ ಇಟ್ಟು, ಓದಿ ನೋಡಿ ಎಂದರು. ಮೂರೂ ಬ್ಯಾಂಕಿನ ಹುಡುಗರು ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದರು. ನಾನು ಫೋನು ಎತ್ತುವ ಮುಂಚೆಯೇ ಈ ಸಲ ಕಡಿಮೆ ದರ ಹೇಳುವ ಸರದಿ ಯಾರದು, ಆ ‘ಕಡಿಮೆ’ ದರವನ್ನೇ ಎಷ್ಟಕ್ಕೆ ಏರಿಸಿಡಬೇಕು, ನನ್ನ ಫೈಲು ಚೆನ್ನಾಗಿ ಕಾಣಲೆಂದು ಉಳಿದಿಬ್ಬರು ಇನ್ನೆಷ್ಟು ಹೆಚ್ಚಿಗೆ ಹೇಳಬೇಕು ಎಲ್ಲ ತೀರ್ಮಾನವಾಗಿರುತ್ತಿತ್ತು. ‘ಕಾಕಾ ಮಂಗಳವಾರ ಬರ್ತಾರೆ’ ಎಂದು ವಿನಾಯಕ ಬರೆದಿದ್ದ, ಪಕ್ಕದಲ್ಲಿ ನಾನು ಹೇಳಿದ ಮೊತ್ತ. ಪ್ರತಿ ಹಾಳೆಯ ನೆತ್ತಿಯ ಮೇಲೆ ಗುಂಪಿನ ಹೆಸರಿತ್ತು. ‘ಟವೆಲ್’ ಎಂದಿತ್ತು.

ಮೊದಲು ಸಿಟ್ಟು ಬಂದದ್ದು ಅವರ ಮೇಲೆ, ಆಮೇಲೆ ಕುರ್ಚಿಗೆ ಜೋತುಬಿದ್ದ ಆ ಬಟ್ಟೆಯ ಮೇಲೆ, ಕೊನೆಗೆ ನನ್ನ ನಾಲಿಗೆಯ ಮೇಲೆ. ಸಂತೆಯಲ್ಲಿ ಕೊಳ್ಳುವವರು ಒಂದಾಗದಂತೆ ಕಾದಿದ್ದ ಮರೆ ಇಲ್ಲಿ ಮಾರುವವರು ಒಂದಾಗುವುದಕ್ಕೆ ಒದಗಿತ್ತು, ಅದನ್ನು ಅವರಿಗೆ ಹೊದಿಸಿದವನು ನಾನೇ.

ಈ ಕಾಯ್ದೆಯಲ್ಲಿ ಒಂದು ದಯೆಯೂ ಇದೆ. ಗುಂಪಿನಲ್ಲಿ ಯಾರು ಮೊದಲು ಓಡಿಬಂದು ಒಪ್ಪಿಕೊಳ್ಳುತ್ತಾರೋ ಅವರಿಗೆ ದಂಡದಲ್ಲಿ ಮಾಫಿ ಸಿಗಬಹುದು. ಮೊದಲು ಓಡಿದ್ದು ವಿನಾಯಕನ ಬ್ಯಾಂಕು. ಆ ಹಾಳೆಗಳು ಹೊರಬಿದ್ದದ್ದೂ ಹಾಗೆಯೇ. ಇಂಥ ಆಮಿಷವಿಲ್ಲದೆ ಮೂವರ ಗುಟ್ಟು ನಾಲ್ಕನೆಯವರಿಗೆ ತಿಳಿಯುವುದಿಲ್ಲ ಎಂದು ಬುದ್ಧಿ ಒಪ್ಪುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ನೀವು ಬರೀ ಸಾಕ್ಷಿ, ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ ಎಂದು ಆ ಅಧಿಕಾರಿ ನನಗೆ ಸಮಾಧಾನ ಹೇಳಿದರು. ಕಾರ್ಮಿಕರಿಗೆ ಒಟ್ಟು ಎಷ್ಟು ನಷ್ಟವಾಯಿತು ಎಂದು ಕೇಳಿದೆ. ಹೇಳುವುದು ಕಷ್ಟ, ಪ್ರಾಮಾಣಿಕ ದರವೊಂದು ಆ ದಿನಗಳಲ್ಲಿ ನಿಮ್ಮ ಮುಂದೆ ಬರಲೇ ಇಲ್ಲವಲ್ಲ, ಯಾವುದರ ಜೊತೆ ಹೋಲಿಸಿ ನೋಡೋಣ ಎಂದರು.

ಮಲ್ಲಪ್ಪ ಈ ತಿಂಗಳು ನಿವೃತ್ತ. ಅವನು ಹೋಗುವ ಮುಂಚೆ ಹೇಳಲೇಬೇಕೆಂದು ಮೊನ್ನೆ ಊಟದ ಹೊತ್ತಿಗೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕ್ಯಾಂಟೀನಿಗೆ ಹೋಗಿ ಅವನ ಎದುರು ಕೂತು ಎಲ್ಲ ಹೇಳಿದೆ. ಅವನು ರೊಟ್ಟಿ ಅಗಿಯುತ್ತ ಕೇಳಿಸಿಕೊಂಡ. ಬ್ಯಾಂಕುಗಳ ಬಗ್ಗೆ ಏನೂ ಕೇಳಲಿಲ್ಲ.

“ನೀವೇ ಹೇಳಿದ್ರೇನ್ರಿ ಅವಂಗ?”

“ಹೂಂ ಮಲ್ಲಪ್ಪ, ನಾನೇ ಹೇಳೀನಿ. ನಮ್ಮಾಂವ ಅಂತ.”

ಅವನು ಎದ್ದು ಹೋಗಿ ಕೈ ತೊಳೆದು ಬಂದ. ಒರೆಸಿಕೊಳ್ಳಲೆಂದು ನನ್ನ ಹೆಗಲಿನ ಟವೆಲ್ಲು ಕೇಳುತ್ತಾನೆಂದುಕೊಂಡು ತೆಗೆದುಕೊಟ್ಟೆ. ಅವನು ಒರೆಸಿಕೊಳ್ಳಲಿಲ್ಲ, ಅದನ್ನು ಬಿಡಿಸಿ ತನ್ನ ಬಲಗೈ ಮೇಲೆ ಹರವಿಕೊಂಡು ನನ್ನತ್ತ ಚಾಚಿದ. ಅವನೂ ದನದ ಸಂತೆ ಕಂಡವನು.

“ನಮ್ಮ ಮಂದೀದು ಎಷ್ಟು ಹೋತ್ರಿ?” ಎಂದ, ಪಕ್ಕದ ಮೇಜಿನವರಿಗೆ ಕೇಳಿಸದಂತೆ. “ಇದರಾಗ ಹೇಳ್ರಿ. ಬ್ಯಾರೆದವ್ರಿಗೆ ಗೊತ್ತಾಗೂದು ಬ್ಯಾಡ.”

ಟವೆಲ್ಲಿನ ಕೆಳಗೆ ಕೈ ಹಾಕಿದೆ. ಒದ್ದೆಯಾದ, ಕಬ್ಬಿಣದ ವಾಸನೆಯ ಐದು ಬೆರಳುಗಳು ಬಿಡಿಸಿಕೊಂಡು ಕಾಯುತ್ತಿದ್ದವು. ಯಾವ ಬೆರಳು ಒತ್ತಿದರೆ ಎಷ್ಟು ಎಂದು ಅಪ್ಪ ಕಲಿಸಿದ್ದೆಲ್ಲ ನೆನಪಿತ್ತು. ಒತ್ತಲು ನನ್ನಲ್ಲಿ ಅಂಕಿಯಿರಲಿಲ್ಲ. ಊಟದ ಗಂಟೆ ಮುಗಿದು ಮಂದಿ ಏಳತೊಡಗಿದರು. ಮಲ್ಲಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.