ಒಸಾಕಾದಲ್ಲಿ ಅಕ್ಕ ಕಳೆದುಹೋದ ದಿನ

ಜಪಾನಿಗೆ ಹೋಗುವ ಮಾತು ತೆಗೆದವಳು ನಾನು. ಅಕ್ಕನಿಗೆ ಇಷ್ಟವಿರಲಿಲ್ಲ. ಆಗಷ್ಟೇ ಅವಳು ತನ್ನ ಅಂಗಡಿ ಮುಚ್ಚಿದ್ದಳು. ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಓಣಿಯಲ್ಲಿ ಅವಳದು ಹೊಲಿಗೆ ಸಾಮಾನಿನ ಅಂಗಡಿ. ದಾರ, ಹುಕ್ಕು, ಲೇಸು, ಸೀರೆಯ ಫಾಲ್ಸು, ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿಗಳು. ಭಾವ ತೀರಿಕೊಂಡ ವರ್ಷ ಶುರು ಮಾಡಿದ್ದು, ಮೂವತ್ತು ವರ್ಷ ನಡೆಸಿದಳು. ರೆಡಿಮೇಡು ಬಂದು ದರ್ಜಿಗಳು ಕಡಿಮೆಯಾದರು, ಕಟ್ಟಡದವರು ಹೊಸದು ಕಟ್ಟುತ್ತೇವೆಂದರು. ಒಂದು ಸಂಜೆ ಅಕ್ಕ ಬಾಗಿಲು ಎಳೆದು ಬೀಗ ಹಾಕಿ ಮನೆಗೆ ಬಂದು, "ಮುಗತ್ತು" ಎಂದಳು. ಅಷ್ಟೇ. ಆಮೇಲೆ ದಿನವಿಡೀ ಟಿ.ವಿ. ಮುಂದೆ ಕೂತಿರುತ್ತಿದ್ದಳು. ಟಿ.ವಿ.ಯಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

ನಾನು ಶಾಲೆಯಿಂದ ನಿವೃತ್ತಳಾಗಿದ್ದೆ. ಹುಬ್ಬಳ್ಳಿಯಿಂದ ಒಂದು ಪ್ರವಾಸದ ಗುಂಪು ಹೊರಟಿತ್ತು. ಹಟ ಮಾಡಿ ಅವಳನ್ನೂ ಹೊರಡಿಸಿದೆ. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ, ಎರಡು ಸ್ವೆಟರು. ಟೋಕಿಯೋದಲ್ಲಿ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದಳು. ದೊಡ್ಡ ಬೆಟ್ಟ ತೋರಿಸಿದರೆ "ಹ್ಞಾಂ, ಕಂಡತ್ತು" ಎಂದು ಮತ್ತೆ ಕಣ್ಣು ಮುಚ್ಚಿದಳು. ನನಗೆ ಒಳಗೊಳಗೇ ಸಿಟ್ಟು.

ಒಸಾಕಾಕ್ಕೆ ಬಂದ ಮರುದಿನ ಗುಂಪಿನವರೆಲ್ಲ ದೊಡ್ಡ ಆಟದ ಪಾರ್ಕಿಗೆ ಹೊರಟರು.

"ಆ ತೊಟ್ಟಿಲು ಹತ್ತದು, ಕಿರುಚದು ಎಂಗೆ ಬೇಡ" ಎಂದಳು ಅಕ್ಕ. "ಆನು ರೂಮಲ್ಲೇ ಮಲಗ್ತೆ. ನೀ ಹೋಗು."

"ಇಷ್ಟು ದೂರ ಬಂದು ಮಲಗದಾ?"

"ಮಲಗಲೆ ಯಾವ ಊರಾದ್ರೆ ಎಂತ?"

"ಹಾಂಗಾರೆ ಪಾರ್ಕು ಬೇಡ. ಅಂಗಡಿ ನೋಡಲೆ ಹೋಪನ, ಬಾ."

ಅಂಗಡಿ ಎಂದದ್ದಕ್ಕೆ ಎದ್ದಳೋ, ನನ್ನ ಕಾಟ ತಾಳಲಾರದೆ ಎದ್ದಳೋ ತಿಳಿಯದು. ಅಂತೂ ಎದ್ದಳು.

ಮೊದಲು ಹೋದದ್ದು ಅಡುಗೆ ಸಾಮಾನಿನ ಒಂದು ಬೀದಿಗೆ. ಮೇಲೆ ಚಾವಣಿ ಹೊದಿಸಿದ ಉದ್ದನೆಯ ಬೀದಿ. ಒಂದು ಅಂಗಡಿಯಲ್ಲಿ ಬರೀ ಚಾಕು, ಇನ್ನೊಂದರಲ್ಲಿ ಬರೀ ಊಟದ ಕಡ್ಡಿ, ಮತ್ತೊಂದರಲ್ಲಿ ಹೋಟೆಲಿನ ಬಾಗಿಲಿಗೆ ತೂಗುಹಾಕುವ ಕೆಂಪು ಕಾಗದದ ದೀಪಗಳು. ಒಂದು ಕಡೆ ಗಾಜಿನ ಹಿಂದೆ ಅನ್ನ, ಸಾರು, ಕರಿದ ತರಕಾರಿ ಎಲ್ಲ ಬಡಿಸಿಟ್ಟಿದ್ದರು. ಬೆಳಗಿನಿಂದ ಏನೂ ತಿನ್ನದ ಅಕ್ಕ ಒಳಗೆ ಹೋಗಿ ಬೆರಳು ತಾಗಿಸಿ ನೋಡಿದಳು.

"ಅಯ್ಯೋ, ಇದು ತಿಂಬದಲ್ದೇ! ಪ್ಲಾಸ್ಟಿಕ್ಕು!"

ಹೋಟೆಲಿನವರು ಮಾದರಿಗೆಂದು ಬಾಗಿಲಲ್ಲಿಡುವ ಸುಳ್ಳು ಊಟವಂತೆ ಅದು. ಅಕ್ಕ ಒಂದು ಬಟಾಣಿ ಕಾಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಕೆಲಸ ಚೊಕ್ಕವಾಗಿದೆ ಎಂಬಂತೆ ತಲೆಯಾಡಿಸಿದಳು. ಅವಳು ಒಂದು ಸಾಮಾನನ್ನು ಹಾಗೆ ನೋಡಿದ್ದನ್ನು ಕಂಡು ನನಗೆ ತಿಂಗಳುಗಳೇ ಆಗಿದ್ದವು.

ಅಲ್ಲಿಂದ ರೈಲು ಹತ್ತಿ ನಕಾಜಾಕಿಚೋ ಎಂಬ ಹಳೆಯ ಕೇರಿಗೆ ಹೋದೆವು. ಎರಡೇ ಹೆಜ್ಜೆ ಅಗಲದ ಓಣಿಗಳು, ಕಪ್ಪಗಾದ ಮರದ ಮನೆಗಳು, ಬಾಗಿಲ ಮುಂದೆ ಗೇಣಗಲ ಜಾಗದಲ್ಲಿ ಹತ್ತೆಂಟು ಹೂಕುಂಡ. ಮನೆಗಳೇ ಅಂಗಡಿಗಳು. ಮೂರೇ ಕುರ್ಚಿಯ ಕಾಫಿ ಅಂಗಡಿ, ಹಳೆಯ ಗಡಿಯಾರದ್ದೊಂದು, ಬೆಕ್ಕಿನ ಚಿತ್ರವಿರುವ ಸಾಮಾನು ಮಾತ್ರ ಇಟ್ಟ ಇನ್ನೊಂದು. ರೈಲುನಿಲ್ದಾಣದ ಮೆಟ್ಟಿಲಿನ ನೂಕುನುಗ್ಗಲಿನಲ್ಲಿ ಅಕ್ಕನ ಸ್ವೆಟರಿನ ನಡುವಿನ ಗುಂಡಿ ಕಿತ್ತುಹೋಗಿತ್ತು. ಸ್ವೆಟರನ್ನು ಒತ್ತಿ ಹಿಡಿದುಕೊಂಡೇ ನಡೆಯುತ್ತಿದ್ದವಳು ಒಂದು ಬಾಗಿಲ ಮುಂದೆ ನಿಂತುಬಿಟ್ಟಳು.

ಒಳಗೆ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡಬ್ಬಿಗಳು. ಪ್ರತಿ ಡಬ್ಬಿಯ ಮುಖಕ್ಕೂ ಒಳಗಿರುವ ಗುಂಡಿಯೊಂದನ್ನು ದಾರದಿಂದ ಹೊಲಿದಿದ್ದರು. ಅಕ್ಕನೂ ಶಿರಸಿಯಲ್ಲಿ ಹಾಗೆಯೇ ಮಾಡುತ್ತಿದ್ದಳು. ನಾವಿಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದೆವು.

ಅಂಗಡಿಯವಳಿಗೆ ಎಂಬತ್ತರ ಹತ್ತಿರ. ಕುತ್ತಿಗೆಗೆ ಕನ್ನಡಕ ತೂಗುಹಾಕಿಕೊಂಡು ಎದ್ದು ಬಾಗಿ ನಮಸ್ಕರಿಸಿದಳು. ನಾನು ಭಾಷಾಂತರದ ಆ್ಯಪ್ ತೆರೆದು, ಫೋನಿಗೆ ಸ್ಪಷ್ಟವಾಗಿ ಶಾಲೆಯ ಕನ್ನಡದಲ್ಲಿ ಹೇಳಿದೆ: "ನಿಮ್ಮಲ್ಲಿ ಎಷ್ಟು ಬಗೆಯ ಗುಂಡಿಗಳಿವೆ?"

ಫೋನು ಜಪಾನಿಯಲ್ಲಿ ಏನೋ ಹೇಳಿತು. ಅಜ್ಜಿ ಗಲಿಬಿಲಿಗೊಂಡು ನೆಲ ನೋಡಿದಳು. ಬಾಗಿಲಿಗೆ ಹೋಗಿ ಓಣಿಯ ಆಚೆ ಈಚೆ ಕಣ್ಣಾಡಿಸಿದಳು. ವಾಪಸು ಬಂದು ಫೋನಿಗೆ ಮೆಲ್ಲಗೆ ಏನೋ ಹೇಳಿದಳು. ಅದು ಕನ್ನಡದಲ್ಲಿ ಓದಿತು: "ಕ್ಷಮಿಸಿ. ನಮ್ಮ ರಸ್ತೆಯಲ್ಲಿ ಗುಂಡಿಗಳಿಲ್ಲ."

ಅಕ್ಕ ನಕ್ಕಳು. ಗೋಡೆಗೆ ಕೈಕೊಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಡ್ಡಿಲ್ಲೆ, ಶಿರಸಿಗೆ ಬಂದ್ರೆ ತೋರ್ಸನ ಹೇಳು ಅಜ್ಜಿಗೆ!" ಅಜ್ಜಿಗೆ ಏನೂ ಅರ್ಥವಾಗದಿದ್ದರೂ ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಅಲ್ಲಿಂದ ಮುಂದೆ ಫೋನು ಬೇಕಾಗಲಿಲ್ಲ. ಅಕ್ಕ ಸ್ವೆಟರು ತೋರಿಸಿದಳು. ಅಜ್ಜಿ ಏಳೆಂಟು ಡಬ್ಬಿ ಇಳಿಸಿ, ಕನ್ನಡಕವಿಟ್ಟು, ಒಂದೊಂದನ್ನೇ ಉಣ್ಣೆಯ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡಿ, ಕೊನೆಗೆ ಹೆಚ್ಚುಕಡಿಮೆ ಅದೇ ಬಣ್ಣದ್ದನ್ನು ಹುಡುಕಿಕೊಟ್ಟಳು. ಅಕ್ಕ ಅಲ್ಲೇ ಕೂತು ಹೊಲಿದುಕೊಂಡಳು. ಅವಳು ದಾರ ಸುತ್ತಿ ಗಂಟು ಹಾಕಿದ್ದನ್ನು ಅಜ್ಜಿ ಹತ್ತಿರ ಬಾಗಿ ನೋಡಿದಳು.

ಹೊರಬಂದ ಮೇಲೆ ಹಳೆಯ ಅಂಚೆಕಾರ್ಡುಗಳ ಅಂಗಡಿಯೊಂದು ಕಣ್ಣಿಗೆ ಬಿತ್ತು. "ನೀ ನೋಡು, ಆನು ಇಲ್ಲೇ ನಿಂತಿರ್ತೆ" ಎಂದಳು ಅಕ್ಕ. ನಾನು ಕಾರ್ಡು ತಿರುವುತ್ತಾ ಎಷ್ಟು ಹೊತ್ತು ಕಳೆದೆನೋ. ಹೊರಗೆ ಬಂದರೆ ಅಕ್ಕ ಇಲ್ಲ.

ಅವಳ ಹತ್ತಿರ ಫೋನಿಲ್ಲ. ಹೋಟೆಲಿನ ಚೀಟಿ ನನ್ನ ಚೀಲದಲ್ಲಿತ್ತು. ಕನ್ನಡ ಬಿಟ್ಟರೆ ಅವಳಿಗೆ ಅಷ್ಟಿಷ್ಟು ಹಿಂದಿ. ನಾನು ಆ ಓಣಿ ಈ ಓಣಿ ಎಂದು ಓಡಿದೆ. ಎಲ್ಲ ಓಣಿಗಳೂ ಒಂದೇ ಥರ, ಅವೇ ಹೂಕುಂಡ, ಅವೇ ಸೈಕಲ್ಲು. ಬಲವಂತ ಮಾಡಿ ಕರೆತಂದವಳು ನಾನಲ್ಲವೇ? ಮೂರು ಕುರ್ಚಿಯ ಕಾಫಿ ಅಂಗಡಿಗೆ ನುಗ್ಗಿ, ಅಲ್ಲಿದ್ದ ಹುಡುಗಿಗೆ ಅಕ್ಕನ ಫೋಟೋ ತೋರಿಸಿದೆ. ಅವಳು ಒಲೆ ಆರಿಸಿ, ಬಾಗಿಲಿಗೊಂದು ಫಲಕ ತೂಗುಹಾಕಿ, ನನ್ನ ಜೊತೆ ಹೊರಟೇಬಿಟ್ಟಳು. ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕರೊಬ್ಬರನ್ನು ವಿಚಾರಿಸಿದಳು. ಅವರು ಸೀರೆಯ ನೆರಿಗೆಯನ್ನು ಕೈಯಲ್ಲೇ ಅಭಿನಯಿಸಿ ಬಂದ ದಾರಿಯನ್ನೇ ತೋರಿಸಿದರು.

ಅಕ್ಕ ಗುಂಡಿ ಅಂಗಡಿಯಲ್ಲೇ ಇದ್ದಳು. ಗಿರಾಕಿಯ ಕಡೆಯಲ್ಲ, ಒಳಗಡೆ, ಅಜ್ಜಿಯ ಪಕ್ಕದಲ್ಲಿ. ಇಬ್ಬರ ನಡುವೆ ಒಂದು ತಟ್ಟೆಯ ತುಂಬ ಕಲಸಿದ ಗುಂಡಿಗಳು. ಅಕ್ಕ ಆರಿಸಿ ಆರಿಸಿ ಗುಪ್ಪೆ ಮಾಡುತ್ತಿದ್ದಳು, ಅಜ್ಜಿ ಅವನ್ನು ಸಣ್ಣ ಕಾಗದದ ಲಕೋಟೆಗೆ ಹಾಕುತ್ತಿದ್ದಳು.

"ಎಂತ ಆತೇ? ಮುಖ ಎಂತಕ್ಕೆ ಹೀಂಗೆ ಆಜು?" ಎಂದು ನನ್ನನ್ನೇ ಕೇಳಿದಳು.

"ನಿನ್ನ ಹುಡುಕಿ ಹುಡುಕಿ ಸಾಕಾತು! ಹೇಳಿ ಹೋಪಲೆ ಆಗ್ತಿತ್ತಿಲ್ಯಾ?"

"ಈ ಅಜ್ಜಿಗೆ ಕಣ್ಣು ಸರಿ ಕಾಣ್ತಿಲ್ಲೆ. ಕರಿದು ಯಾವ್ದು, ಕಂದು ಯಾವ್ದು ಗೊತ್ತಾಗ್ತಿಲ್ಲೆ. ಒಂದೇ ಎಷ್ಟು ಹೊತ್ತು ಮಾಡ್ತು ಪಾಪ?"

ಕಾಫಿ ಹುಡುಗಿ ಬಾಗಿಲಿಗೆ ಅಂಟಿಸಿದ್ದ ಕಾಗದವೊಂದನ್ನು ಓದಿ, ನನ್ನ ಫೋನಿಗೆ ಅದರ ಅರ್ಥ ಹೇಳಿದಳು. ಈ ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತದೆ. ಇಷ್ಟು ವರ್ಷ ಬಂದವರಿಗೆಲ್ಲ ವಂದನೆ. ಅಜ್ಜಿಯನ್ನೂ ಕೇಳಿ ತಿಳಿಸಿದಳು: ಲಕೋಟೆಗಳು ಹಳೆಯ ಗಿರಾಕಿಗಳಿಗಂತೆ, ಒಬ್ಬೊಬ್ಬರಿಗೆ ಒಂದೊಂದು. ಯಾರು ಎಂಥ ಬಟ್ಟೆ ಹೊಲಿಯುತ್ತಾರೆ ಎಂದು ನೆನಪು ಮಾಡಿಕೊಂಡು ಅಂಥದೇ ಗುಂಡಿ ಹಾಕುತ್ತಿದ್ದಾಳಂತೆ.

ನಾನು ಅದನ್ನು ಅಕ್ಕನಿಗೆ ಹೇಳಿದೆ. ಅಕ್ಕ ತಟ್ಟೆ ಖಾಲಿಯಾಗುವವರೆಗೂ ಆರಿಸುತ್ತಲೇ ಇದ್ದಳು. ಹೊರಡುವಾಗ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಅಜ್ಜಿ ಅವಳಿಗೂ ಒಂದು ಲಕೋಟೆ ಕೊಟ್ಟಳು.

ಮರಳುವ ರೈಲಿನಲ್ಲಿ ಅಕ್ಕ ತಾನಾಗಿಯೇ ಮಾತೆತ್ತಿದಳು. "ಅಂಗಡಿ ಮುಚ್ಚಿದ್ದಕ್ಕೆ ಬೇಜಾರಿಲ್ಲೆ, ತಂಗಿ. ಯಾರಿಗೂ ಹೇಳದ್ದೆ ಬಾಗಿಲು ಹಾಕಿದ್ದು ತಪ್ಪಾತು. ಹೇಳಲೆ ಹೋದ್ರೆ ಅತ್ತುಬಿಡ್ತೆ ಹೇಳಿ ಹೆದರಿಕೆ ಆಗಿತ್ತು." ಎದುರು ಕೂತವರು ನೋಡುತ್ತಿದ್ದರು. ಅವಳು ಅಲ್ಲಿ, ಆ ರೈಲಿನಲ್ಲಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಊರಿಗೆ ಬಂದ ವಾರದಲ್ಲೇ ಅಂಗಡಿಯ ಸಾಮಾನು ತುಂಬಿ ಅಟ್ಟದಲ್ಲಿಟ್ಟಿದ್ದ ಪೆಟ್ಟಿಗೆಗಳನ್ನು ಇಳಿಸಿದಳು. ಮಂಚಿಕೇರಿಯ ರವಿಕೆ ಹೊಲಿಯುವವಳಿಗೆ ಹುಕ್ಕು ಮತ್ತು ಲೇಸು, ತ್ಯಾಗಲಿಯಲ್ಲಿ ಮಕ್ಕಳ ಅಂಗಿ ಹೊಲಿಯುವವಳಿಗೆ ಬಣ್ಣಬಣ್ಣದ ಸಣ್ಣ ಗುಂಡಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ದರ್ಜಿಗಳಿಗೆ ಅವರವರಿಗೆ ಬೇಕಾದ್ದು. ಆ ಮಳೆಗಾಲದ ಮುಂಚೆ ನಾವಿಬ್ಬರೂ ಸರ್ಕಾರಿ ಬಸ್ಸಿನಲ್ಲಿ ಸುತ್ತಿದಷ್ಟು ಜನ್ಮದಲ್ಲಿ ಸುತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಓಡಾಡಿದ ಪೇಟೆಗಳಲ್ಲಿ ಕೊಡೆ ರಿಪೇರಿಯ ಮೂಲೆ, ಬರೀ ಹಗ್ಗ ಮಾರುವ ಕಟ್ಟೆ, ಬೀಗದ ಕೈ ಮಾಡುವವನ ಪೆಟ್ಟಿಗೆ ಅಂಗಡಿ ಎಷ್ಟೊಂದಿದ್ದವು! ಅಕ್ಕ ಎಲ್ಲದರ ಮುಂದೂ ನಿಲ್ಲುತ್ತಿದ್ದಳು.

ಯಲ್ಲಾಪುರದ ಸಾಹೇಬರ ಟೇಲರಿಂಗ್ ಅಂಗಡಿಗೆ ಹೋದಾಗ ಅವರು ಮಶೀನು ನಿಲ್ಲಿಸಿ ಎದ್ದು ನಿಂತರು.

"ಬರ್ರಿ, ಬರ್ರಿ ಅಕ್ಕೋರೆ! ಮೂರು ಸಲ ಬಂದು ಬೀಗ ನೋಡಿ ಹೋದೆ. ನೀವು ಹೋಗೇಬಿಟ್ರಿ ಅಂದ್ಕೊಂಡಿದ್ದೆ."

"ಹೋಗಿದ್ದೆ ಸಾಹೇಬ್ರೆ, ಜಪಾನಿಗೆ" ಎಂದಳು ಅಕ್ಕ.

ಅವರು ನಂಬಲಿಲ್ಲ. ಚಹಾ ತರಿಸಿದರು. ಅಕ್ಕ ಕತ್ತರಿಸಿದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ ಕೂತು, ಪ್ಲಾಸ್ಟಿಕ್ಕಿನ ಅನ್ನದಿಂದ ಶುರು ಮಾಡಿದಳು.