ಬೆನ್ನುಪಟ್ಟಿ ಮತ್ತು ಅಜ್ಜಿಯ ಮಡಿ

ಮದ್ದೂರಿನ ನಮ್ಮ ಮನೆಯಲ್ಲಿ ನಡುಮನೆ ದಾಟಿದರೆ ಅಡುಗೆಮನೆ, ಅದರ ಮೂಲೆಯಲ್ಲೇ ದೇವರ ಗೂಡು. ಅದಿಷ್ಟೂ ಅಜ್ಜಿಯ ರಾಜ್ಯ. ಅಪ್ಪನ ತಾಯಿ ಅವಳು. ಬೆಳಗ್ಗೆ ತಣ್ಣೀರು ಸುರಿದುಕೊಂಡು, ಕೆಂಪು ಸೀರೆಯುಟ್ಟು ಮಡಿಯಲ್ಲಿ ಒಲೆಯ ಮುಂದೆ ಕೂತಳೆಂದರೆ ಮುಗಿಯಿತು, ಮೈಲಿಗೆಯವರು ಆ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ನಾನು ಮಾತ್ರ ಸ್ನಾನ ಮುಗಿಸಿ ಓಡಿಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಅವಳು ಹುಚ್ಚೆಳ್ಳು ಹುರಿಯುತ್ತ ಕಥೆ ಹೇಳುತ್ತಿದ್ದಳು. ಆ ಒಲೆಯ ಬಿಸಿ ನೆನೆದರೆ ನನಗೆ ಈಗಲೂ ಹಿತವಾಗುತ್ತದೆ.

ಸೀಮೆಎಣ್ಣೆಗೂ ಸಾಲು ನಿಲ್ಲುವ ಯುದ್ಧದ ಕಾಲ. ನನಗೆ ಹನ್ನೊಂದೋ ಹನ್ನೆರಡೋ. ಜಡೆ ಹೆಣೆಯುವಾಗ ಅಮ್ಮನಿಗೆ ನನ್ನ ಒಂದು ಭುಜ ಮೇಲೆ, ಒಂದು ಕೆಳಗೆ ಕಂಡಿತು. ಬಿಂದಿಗೆಯನ್ನು ಯಾವಾಗಲೂ ಸೊಂಟದ ಒಂದೇ ಮಗ್ಗುಲಿಗೆ ಇಡುತ್ತಾಳೆ, ಅದಕ್ಕೇ ಹೀಗೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಮೈಸೂರಿನ ಆಸ್ಪತ್ರೆಯ ಡಾಕ್ಟರು ಬಿಂದಿಗೆಯ ತಪ್ಪೇನಿಲ್ಲ, ಬೆನ್ನುಮೂಳೆಯೇ ಪಕ್ಕಕ್ಕೆ ಬಾಗುತ್ತಿದೆ ಅಂದರು. ಬೆಳೆಯುವ ಹುಡುಗಿ, ಹೀಗೇ ಬಿಟ್ಟರೆ ಗೂನಾಗುತ್ತಾಳೆ, ಮುಂದೆ ಉಸಿರಿಗೂ ಕಷ್ಟವಾದೀತು ಎಂದರು. ನನ್ನ ಮೈಗೆ ಒದ್ದೆ ಗಾರೆಯ ಬಟ್ಟೆ ಸುತ್ತಿ ಅಚ್ಚು ತೆಗೆದರು. ಆ ಅಚ್ಚಿನ ಮೇಲೆ ತೊಗಲು ಬಗ್ಗಿಸಿ, ಉಕ್ಕಿನ ಪಟ್ಟಿ ಕೂಡಿಸಿ, ಕಂಕುಳಿಂದ ಸೊಂಟದವರೆಗೆ ಬರುವ ಬೆನ್ನುಪಟ್ಟಿ ಮಾಡಿಕೊಟ್ಟರು. ಸ್ನಾನಕ್ಕಲ್ಲದೆ ಬೇರೆ ಹೊತ್ತಿನಲ್ಲಿ ಬಿಚ್ಚಕೂಡದು.

ಹಾಲಿನವಳು ಅದನ್ನು ನೋಡಿ, “ಇದ್ಯಾಕ್ರವ್ವಾ, ಮಗೀಗೆ ಎತ್ತಿಗ್ ಕಟ್ದಂಗೆ ಕಟ್ಬುಟ್ಟಿದ್ದೀರಿ?” ಅಂದಳು. ಅಮ್ಮ ಕಣ್ಣೊರೆಸಿಕೊಂಡಳು. ನನಗೆ ನಗು ಬಂತು, ಆದರೆ ನಗಲೂ ಆ ಪಟ್ಟಿ ಬಿಡುತ್ತಿರಲಿಲ್ಲ.

ಅಜ್ಜಿ ಕೇಳಿದ್ದು ಒಂದೇ ಮಾತು. “ಇದು ಯಾವ ಚರ್ಮ?”

ದನದ್ದು ಎಂದು ಅಪ್ಪ ಮೆಲ್ಲಗೆ ಹೇಳಿದ. ಅಲ್ಲಿಗೆ ಅಡುಗೆಮನೆಯ ಬಾಗಿಲು ನನಗೆ ಮುಚ್ಚಿಹೋಯಿತು.

“ತಾತನ ಜಿಂಕೆ ಚರ್ಮ ದೇವರ ಹತ್ರಾನೇ ಇದೆಯಲ್ಲಜ್ಜಿ?” ಎಂದು ವಾದ ಹೂಡಿದೆ.

“ಅದು ಜಪಕ್ಕೆ ಕೂರೋದು ಕಣೇ. ಅದಕ್ಕೂ ಇದಕ್ಕೂ ಜೋಡಿ ಕಟ್ಟಬೇಡ” ಎಂದು ನನ್ನ ಬಾಯಿ ಮುಚ್ಚಿಸಿದಳು. ಪ್ರೀತಿ ಕಡಿಮೆಯಾಯಿತೆಂದಲ್ಲ. ಹೊಸ್ತಿಲ ಆಚೆಯಿಂದಲೇ ಹುಚ್ಚೆಳ್ಳಿನ ಉಂಡೆಯನ್ನು ನನ್ನ ಕೈಗೆ ಮೇಲಿನಿಂದ ಹಾಕುತ್ತಿದ್ದಳು. ನನಗೆ ಉಂಡೆ ಬೇಕಿರಲಿಲ್ಲ, ಅವಳ ಪಕ್ಕ ಬೇಕಿತ್ತು. ಹಾಗಾಗಿ ಹೊತ್ತುಹೊತ್ತಿಗೂ ಪಟ್ಟಿ ಬಿಚ್ಚಿ ಜಗಲಿಯ ಗೂಟಕ್ಕೆ ನೇತುಹಾಕಿ, ಮೈಮೇಲೆ ಎರಡು ಚೊಂಬು ನೀರು ಸುರಿದುಕೊಂಡು ಒಳಗೆ ನುಗ್ಗುತ್ತಿದ್ದೆ. ಊಟ, ಹರಟೆ, ಸೊಪ್ಪು ಸೋಸುವುದು ಎಲ್ಲ ಮುಗಿಯುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು. ಮಡಿಯೂ ಉಳಿಯಿತು, ಮಗುವೂ ಸಿಕ್ಕಿತು ಎಂದು ಅಜ್ಜಿಗೂ ಖುಷಿ.

ಮತ್ತೆ ತೋರಿಸಲು ಮೈಸೂರಿಗೆ ಹೊರಟಾಗ ಅಜ್ಜಿಯೂ ಕುಡಿಯುವ ನೀರಿನ ತಾಮ್ರದ ಚೊಂಬು ಹಿಡಿದು ರೈಲು ಹತ್ತಿದಳು. ಮಂಡ್ಯ ಸ್ಟೇಷನ್ನಿನಲ್ಲಿ ಸಕ್ಕರೆ ಕಾರ್ಖಾನೆಯ ಸಿಹಿ ವಾಸನೆ ಬಂದು ನಾನು ಕಿಟಕಿಗೆ ಮೂಗು ಒತ್ತಿದ್ದೆ. ಡಾಕ್ಟರು ಬೆನ್ನು ಮುಟ್ಟಿ ನೋಡಿದರು.

“ಇನ್ನಷ್ಟು ಬಾಗಿದೆ. ಪಟ್ಟಿ ಸರಿಯಾಗಿ ಹಾಕ್ತಿಲ್ಲ ಅಲ್ವಾ?”

ಅಪ್ಪ ನನ್ನ ಕಡೆ ನೋಡಿದ. ಅಜ್ಜಿಯೇ ಬಾಯಿಬಿಟ್ಟಳು. “ನನ್ನ ಅಡುಗೆಮನೆಗೆ ಬರೋದಕ್ಕೆ ಬಿಚ್ಚಿಡ್ತಾಳೆ ಸ್ವಾಮಿ.”

ವಾಪಸು ಬರುವಾಗ ಅವಳು ಚೊಂಬಿನ ನೀರನ್ನೂ ಮುಟ್ಟಲಿಲ್ಲ. ಮಾರನೆಯ ದಿನದಿಂದ ಅಡುಗೆ ಮುಗಿದ ಮೇಲೆ ಜಗಲಿಗೆ ಬಂದು, ನನ್ನಿಂದ ಒಂದು ಮೊಳ ದೂರ ಕೂತು ಅಲ್ಲೇ ಕಥೆ ಹೇಳತೊಡಗಿದಳು. ಪಟ್ಟಿ ಸೋಕದ ಹಾಗೆ ಸೆರಗು ಬಿಗಿಹಿಡಿದಿರುತ್ತಿದ್ದಳು. ನನಗೆ ಆ ಒಂದು ಮೊಳ ಕಂಡರೆ ಸಿಟ್ಟು.

ತಾತನ ಶ್ರಾದ್ಧ ಬಂತು. ಆ ದಿನದ ಅಡುಗೆಯನ್ನು ಅಜ್ಜಿ ಯಾರ ಕೈಗೂ ಬಿಟ್ಟವಳಲ್ಲ. ಒದ್ದೆ ಸೀರೆಯಲ್ಲೇ ಒಲೆ ಹಚ್ಚಿದಳು. ವಡೆಗೆ ರುಬ್ಬಿದ ಉದ್ದಿಗೆ ಶುಂಠಿ ಬಿದ್ದ ವಾಸನೆ ಜಗಲಿಯವರೆಗೂ ಬಂತು. ನಾನು ಒಬ್ಬಳೇ ಕೂತಿದ್ದೆ. ತಡೆಯಲಾಗಲಿಲ್ಲ. ಮೇಲಿನ ಬಕಲು ಬಿಚ್ಚಿದೆ. ಎರಡನೆಯದಕ್ಕೆ ಕೈ ಹಾಕುವಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

ಸೌಟು ಕೆಳಗಿಟ್ಟು ಹೊಸ್ತಿಲು ದಾಟಿ ಬಂದಳು, ನನ್ನೆದುರು ಕುಕ್ಕರಗಾಲಿನಲ್ಲಿ ಕೂತಳು, ಎರಡೂ ಕೈಯಿಂದ ಆ ತೊಗಲು ಎಳೆದು ಬಕಲು ಹಾಕಿದಳು. ಅವಳಿಗೆ ಅಭ್ಯಾಸವಿರಲಿಲ್ಲ, ಮೂರನೆಯ ಸಲಕ್ಕೆ ಅದು ಕೂತಿತು.

ಅಮ್ಮ ಗಾಬರಿಯಾಗಿ ಬಂದು, “ಮುಟ್ಟಿಬಿಟ್ರಲ್ಲತ್ತೆ, ಇವತ್ತೇ! ಇನ್ನೊಂದ್ಸಲ ಸ್ನಾನ ಮಾಡಿಬಿಡಿ, ನೀರು ಸೇದ್ತೀನಿ” ಅಂದಳು.

“ಬೇಡ ಬಿಡೆ. ನಾನು ಒಳಗೆ ಹೋದ್ರೆ ಇವಳು ಬಿಚ್ತಾಳೆ. ನೀನು ಮಡಿಯುಟ್ಟು ಮಾಡು.”

ನನ್ನನ್ನು ಎಳೆದು ಮಗ್ಗುಲಿಗೆ ಕೂರಿಸಿಕೊಂಡಳು. ನಮ್ಮಿಬ್ಬರ ನಡುವೆ ಆ ಒಂದು ಮೊಳವೂ ಇರಲಿಲ್ಲ. ಒಳಗೆ ಎಣ್ಣೆ ಚುಂಯ್ ಅಂದಾಗ ಕಿವಿಗೊಟ್ಟು ಕೇಳಿ, ಕೂತಲ್ಲಿಂದಲೇ ಹೇಳಿದಳು: “ವಡೆ ಸ್ವಲ್ಪ ಕೆಂಪಗೆ ಕರಿಯೇ. ಮೆತ್ತಗಿದ್ರೆ ಅವರಿಗೆ ಸೇರ್ತಿರಲಿಲ್ಲ.”