ಅತ್ತೆ ರುಚಿ ನೋಡಿದ ಒಳಲೆ

ಮಗಳಿಗೆ ಆಗ ಮೂರು ತಿಂಗಳು. ಹಾಲು ಕುಡಿದ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ತಮಟೆಯಂತೆ ಬಿಗಿದು, ಕಾಲು ಮಡಚಿಕೊಂಡು ಕಿರುಚುತ್ತಿದ್ದಳು. ಹೆಗಲಿಗೆ ಹಾಕಿಕೊಂಡು ಬೆನ್ನು ನೀವಿದರೆ ಕೆಲವೊಮ್ಮೆ ತೇಗು ಬರುತ್ತಿತ್ತು, ಕೆಲವೊಮ್ಮೆ ಇಲ್ಲ. ಅತ್ತೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪಕ್ಕೆ ಹಿಡಿದು, ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ ಮಗುವಿನ ಹೊಟ್ಟೆಯ ಮೇಲಿಡುತ್ತಿದ್ದರು. ಅದನ್ನು ಸಹಿಸಿಕೊಂಡೆ. ಆದರೆ ಮಗುವಿಗೆ ಏನೇ ಕುಡಿಸುವ ಮೊದಲೂ ಒಳಲೆಯ ಮೂತಿಗೆ ನಾಲಿಗೆ ತಾಗಿಸಿ ರುಚಿ ನೋಡುತ್ತಿದ್ದರಲ್ಲ, ಅದನ್ನು ಸಹಿಸಲಾಗುತ್ತಿರಲಿಲ್ಲ. ಎಲೆಅಡಿಕೆಯ ಬಾಯಿ ಅದು. ನಾನು ಬಿ.ಎಸ್ಸಿ. ಓದಿದವಳು.

ಅವರು ಮಗುವನ್ನು ಹಿತ್ತಿಲಿಗೆ ಎತ್ತಿಕೊಂಡು ಹೋದರೆ ಏನೋ ನೆಪ ಮಾಡಿ ಹಿಂದೆಯೇ ಹೋಗುತ್ತಿದ್ದೆ. ಗುಟ್ಟಾಗಿ ಬಜೆ ತೇಯ್ದು ಹಾಕಿದರೇನೋ ಎಂದು ಮಗುವಿನ ಬಾಯಿ ಮೂಸುತ್ತಿದ್ದೆ. ಕೊನೆಗೆ ಹಾರೋಹಳ್ಳಿಯಿಂದ ಗ್ರೈಪ್ ವಾಟರ್ ತರಿಸಿ, ಇನ್ನು ನಾನೇ ಕುಡಿಸುತ್ತೇನೆ ಎಂದೆ.

"ಕುಡಿಸವ್ವ, ಬ್ಯಾಡ ಅಂದೋರ್ಯಾರು? ನನ್ ಬಾಯಲ್ಲೇನು ಹಾವೈತಾ?"

ಮೊದಲ ಸೀಸೆ ಮುಗಿದು, ಎರಡನೆಯದು ಗೋಡೆಯ ಗೂಡಿನಲ್ಲಿತ್ತು.

ಆ ದಿನ ಸಂಜೆ ಮಗು ಒಂದೇ ಸಮನೆ ಅಳುತ್ತಿತ್ತು. ನನಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಗೂಡಿಗೆ ಕೈಹಾಕಿ ಸೀಸೆ ತೆಗೆದು ಒಳಲೆಗೆ ಬಗ್ಗಿಸಿದೆ. ಮಗು ಬಾಯಿ ತೆರೆದಿತ್ತು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಆಗಷ್ಟೇ ಒಳಬಂದ ಅತ್ತೆ, "ಇರು, ಒಸಿ ನೋಡ್ತೀನಿ" ಎಂದು ಒಳಲೆ ಕಿತ್ತುಕೊಂಡು ನಾಲಿಗೆಗೆ ತಾಗಿಸಿದರು.

"ಥೂ!"

ಒಳಲೆ ಅಂಗಳಕ್ಕೆ ಹಾರಿತು. ಅತ್ತೆ ಬಾಯಿ ಹಿಡಿದುಕೊಂಡು ನೀರಿನ ತೊಟ್ಟಿಗೆ ಓಡಿದರು.

ಆಗಲೇ ಫ್ಯಾಕ್ಟರಿಯಿಂದ ಬಂದ ಮೈದುನ ಸೀಸೆ ನೋಡಿ ಬಿಳಿಚಿಕೊಂಡ. "ಅತ್ತಿಗೆ, ಅದು ಕಾಸ್ಟಿಕ್ ಸೋಡಾ ನೀರು! ಗಾಡಿ ಜಿಡ್ಡು ತೊಳೆಯೋಕೆ ಗ್ರೈಪ್ ವಾಟರಿನ ಖಾಲಿ ಸೀಸೇಲಿ ತಂದು ಬಚ್ಚಲಲ್ಲಿ ಇಟ್ಟಿದ್ದೆ. ಒಳಕ್ಕೆ ಯಾರು ತಂದ್ರು?"

ಇವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಬಚ್ಚಲಲ್ಲಿ ಇಟ್ಟೇ ಇರಲಿಕ್ಕಿಲ್ಲ. ಇಲ್ಲವೇ ಅತ್ತೆ ತಂದಿಟ್ಟಿರಬೇಕು.

ಅತ್ತೆಯನ್ನು ಕರೆದುಕೊಂಡು ಕನಕಪುರದ ಆಸ್ಪತ್ರೆಗೆ ಹೊರಟ ಬಸ್ಸಿನಲ್ಲಿ ನೆನಪಾಯಿತು. ಬೆಳಿಗ್ಗೆ ಬಚ್ಚಲಿನಲ್ಲಿ ಆ ಸೀಸೆ ಕಂಡಾಗ, ಅತ್ತೆ ಇನ್ನೊಂದು ತರಿಸಿ ನನಗೆ ತಿಳಿಯದಂತೆ ಮಗುವಿಗೆ ಕುಡಿಸುತ್ತಿದ್ದಾರೆ ಅನ್ನಿಸಿತ್ತು. ಸಿಟ್ಟಿನಿಂದ ತಂದು ನನ್ನ ಸೀಸೆಯ ಪಕ್ಕಕ್ಕೇ ಇಟ್ಟಿದ್ದೆ. ಅತ್ತೆ ಹುಳುವಿನ ಮನೆಯಿಂದ ಇನ್ನೊಂದು ನಿಮಿಷ ತಡವಾಗಿ ಬಂದಿದ್ದರೆ? ಇಂದಿಗೂ ಆ ನಿಮಿಷವನ್ನು ದಾಟಲು ನನಗೆ ಆಗಿಲ್ಲ.

ಬಸ್ಸಿನಲ್ಲಿ ನನ್ನ ಮಡಿಲಲ್ಲಿದ್ದ ಮಗು ಮತ್ತೆ ಮುಲುಕಿತು. ಅತ್ತೆ ಬಾಯಲ್ಲಿ ಒದ್ದೆ ಬಟ್ಟೆ ಕಚ್ಚಿಕೊಂಡೇ ಕೈ ಚಾಚಿದರು. ಕೊಟ್ಟೆ.

"ಸೀಸೆ ತಂದಿಟ್ಟವಳು ನಾನೇ, ಅತ್ತೆ."

ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಬೆನ್ನು ನೀವತೊಡಗಿದರು.